ತುಂಗಮ್ಮನವರ ಬಣ್ಣದ ಗಂಟುಗಳು

ಯಲಹಂಕದ ನಮ್ಮ ಬೀದಿಗೆಲ್ಲ ಸಂಜೆಮಲ್ಲಿಗೆಯ ಬೀಜ ಕೊಡುತ್ತಿದ್ದವರು ತುಂಗಮ್ಮನವರು. ಹೂವು ಯಾವ ಬಣ್ಣದ್ದಾದರೂ ಬೀಜ ಮಾತ್ರ ಮೆಣಸಿನಕಾಳಿನಂತೆ ಕಪ್ಪೇ; ಅದಕ್ಕೇ ಹಳದಿಯದನ್ನು ಹಳದಿ ಬಟ್ಟೆಯಲ್ಲಿ, ಬಿಳಿಯದನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿಡುತ್ತಿದ್ದರು. ಇದಕ್ಕಾಗಿ ಯಜಮಾನರ ಹಬ್ಬದ ಪಂಚೆಗೂ ಕತ್ತರಿ ಬಿದ್ದಿತ್ತು. ಬಿಳಿ ಸಾಲಿನಲ್ಲಿ ಕೆಂಪು ಅರಳಿದರೆ ಆ ಗಿಡ ಕತ್ತಲಾಗುವುದರೊಳಗೆ ತಿಪ್ಪೆ ಸೇರುತ್ತಿತ್ತು. ಬಣ್ಣ ತಪ್ಪಿತೆಂದು ಯಾರಾದರೂ ದೂರಿದರೆ, "ನನ್ನ ಬೀಜ ಸರಿಯಾಗೇ ಇದೆ ಕಣ್ರೀ, ನಿಮ್ಮ ಮಣ್ಣೇ ಸರಿಯಿಲ್ಲ" ಎನ್ನುತ್ತಿದ್ದರು. ಐವತ್ತೆಂಟನೇ ಇಸವಿಯಲ್ಲಿ ಮೊಮ್ಮಗಳು ಹುಟ್ಟಿದಾಗ ನೋಡಲು ಬಂದ ಪಕ್ಕದ ಮನೆಯಾಕೆ, ಬಾಣಂತಿ ಸೊಸೆಯತ್ತ ಕಣ್ಣು ಹಾಯಿಸಿ, "ನಿಮ್ಮನೇಲಿ ಎಲ್ರೂ ಬೆಳ್ಳಗಿದೀರ, ಇದ್ಯಾಕ್ರೀ ಇಷ್ಟು ಕಪ್ಪು?" ಎಂದರು. ತುಂಗಮ್ಮ ಮಗುವಿನ ಹೊದಿಕೆ ಸರಿಮಾಡುತ್ತ, "ಮಣ್ಣು ಸರಿಯಾಗೇ ಇದೆ ಕಣ್ರೀ, ಬೀಜಾನೂ ನಮ್ದೇ" ಎಂದರು. ಆ ವರ್ಷದ ಬೀಜವನ್ನೆಲ್ಲ ಅವರು ಒಂದೇ ಬಟ್ಟೆಯಲ್ಲಿ ಕಟ್ಟಿಟ್ಟರು.