ಬೇಸಿಗೆಯ ಕೊನೆಗೆ ಯಾವ ನೊಣ?

ನೊಣವನ್ನು ಕಂಡರೆ ಓಡಿಸುವುದು ನಮ್ಮವರ ಸಹಜ ಧರ್ಮ. ಹಲಸಿನ ತೊಳೆಯ ಮೇಲೆ ಕೂತರೆ ಬೀಸಣಿಗೆ, ಪಾಯಸದಲ್ಲಿ ಬಿದ್ದರೆ ಚಮಚ, ಯಾರ ತಂಟೆಗೂ ಹೋಗದೆ ಗೋಡೆಯ ಮೇಲೆ ಕೂತಿದ್ದರೂ ಮಡಚಿದ ಪೇಪರು. ಅಂಥ ವಂಶದಲ್ಲಿ ಹುಟ್ಟಿ, ಒಂದು ನೊಣವನ್ನು ಇನ್ನೊಂದರ ಪಕ್ಕದಲ್ಲಿಟ್ಟು, ಇದರ ಬಣ್ಣ ಮೇಲೋ ಅದರ ಮೈಕಟ್ಟು ಮೇಲೋ ಎಂದು ವಧೂಪರೀಕ್ಷೆಗೆ ಬಂದ ಸೋದರತ್ತೆಯ ಹಾಗೆ ತಲೆಯಾಡಿಸುವವನು ಬಹುಶಃ ನಾನೇ ಮೊದಲಿಗ. ಗಾಬರಿಯಾಗಬೇಡಿ, ಇವು ಜೀವವಿಲ್ಲದ ನೊಣಗಳು. ಗಾಳದ ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ, ನೀರಿನ ಹುಳುವೋ ಮರಿಮೀನೋ ಎಂಬ ಭ್ರಾಂತಿ ಹುಟ್ಟಿಸಲು ಮಾಡಿದ ಪುಟ್ಟ ಪುಟ್ಟ ಮೋಸಗಳು. ಏಡಿಯಂತಿರುವುದನ್ನೂ ಕಪ್ಪೆಯಂತಿರುವುದನ್ನೂ ಈ ವಿದ್ಯೆಯ ಜನ ಒಟ್ಟಾಗಿ ‘ಫ್ಲೈ’ ಎಂದೇ ಕರೆಯುವುದರಿಂದ ನಾನೂ ತಾರತಮ್ಯವಿಲ್ಲದೆ ಎಲ್ಲವನ್ನೂ ನೊಣ ಎನ್ನುತ್ತೇನೆ. ನನ್ನ ಹೆಂಡತಿ ಶೈಲಜಾ ಹೇಳುವಂತೆ, “ಕೆಲಸ ಇಲ್ದೋರು ನೊಣ ಹೊಡೀತಾರೆ ರೀ, ನೀವು ಕೂತ್ಕೊಂಡು ನೊಣ ಕಟ್ತೀರಿ!”

ಸ್ವೀಡನ್ನಿನಲ್ಲಿ ಬೇಸಿಗೆಯ ಕೊನೆ ಎಂದರೆ ಆಗಸ್ಟ್. ರಜೆ ಮುಗಿಸಿ ಬಂದ ಸಹೋದ್ಯೋಗಿಗಳು ಲಿಂಡ್‌ಹೋಲ್ಮೆನ್ನಿನ ನಮ್ಮ ಆಫೀಸಿನಲ್ಲಿ ‘ಫೀಕಾ’ ಎಂಬ ಇಲ್ಲಿಯ ಕಾಫಿ ವಿರಾಮದಲ್ಲಿ ಲೋಟ ಹಿಡಿದು, ತಮ್ಮ ತಮ್ಮ ತೋಳಿನ ಕಂದುಬಣ್ಣವನ್ನು ಪರಸ್ಪರ ಪ್ರಶಂಸಿಸುವ ಕಾಲ. ಬಿಸಿಲಿದ್ದರೂ ಅದರಲ್ಲಿ ಹುರುಪಿಲ್ಲ. ಹೊಳೆಗಳು ಇಳಿದು, ತಳದ ಕಲ್ಲೆಲ್ಲ ಕಾಣುವಷ್ಟು ತಿಳಿಯಾಗುತ್ತವೆ. ಜೂನಿನಲ್ಲಿ ಬಿದ್ದದ್ದಕ್ಕೆಲ್ಲ ಬಾಯಿ ಹಾಕುತ್ತಿದ್ದ ಮೀನುಗಳಿಗೆ ಈಗ ಹೊಟ್ಟೆ ತುಂಬಿ, ವಿಮರ್ಶಾಪ್ರಜ್ಞೆ ಜಾಗೃತವಾಗಿರುತ್ತದೆ. ಆದ್ದರಿಂದಲೇ ಈ ತಿಂಗಳಲ್ಲಿ ನೊಣದ ಆಯ್ಕೆ ಒಂದು ಶಾಸ್ತ್ರ. ಆ ಶಾಸ್ತ್ರದಲ್ಲಿ ನಾನು ಪಂಡಿತ. ಆದರೆ ಯಾವ ಮೀನಿನ ಶಾಸ್ತ್ರದಲ್ಲಿ ಎಂದು ಕೇಳಿದರೆ ಸ್ವಲ್ಪ ಮುಜುಗರವಾಗುತ್ತದೆ.

ಬೆಂಗಳೂರಿನ ಐಟಿಯವನು ಈಜುವುದನ್ನೂ ನೀರಿಗಿಳಿಯದೆ ವಿಡಿಯೋ ನೋಡಿ ಕಲಿಯುವ ಜಾತಿಯವನು. ನಾನು ಒಂದಿಡೀ ಚಳಿಗಾಲ ಕಂಬಳಿ ಹೊದ್ದು ಅಮೆರಿಕದ ಟೋಪಿಧಾರಿ ಗುರುಗಳಿಂದ ಈ ವಿದ್ಯೆಯನ್ನು ಕಲಿತೆ. ಅವರ ಆರಾಧ್ಯದೈವ ಸ್ಮಾಲ್‌ಮೌತ್ ಬಾಸ್ ಎಂಬ ಹೊಳೆಯ ಮೀನು. ಬೇಸಿಗೆಯ ಕೊನೆಯಲ್ಲಿ ಅದು ಎಲ್ಲಿ ಮಲಗುತ್ತದೆ, ಯಾವ ಹೊತ್ತಿನಲ್ಲಿ ಹಸಿಯುತ್ತದೆ, ನೀರು ತಿಳಿಯಾಗಿದ್ದರೆ ಯಾವ ಬಣ್ಣ, ಕದಡಿದ್ದರೆ ಯಾವ ಬಣ್ಣ, ಎಲ್ಲವೂ ನನಗೆ ಕಂಠಪಾಠವಾಯಿತು. ವಸಂತ ಬಂದಮೇಲೆ ಅಂಗಡಿಗೆ ಹೋಗಿ ಗಂಭೀರವಾಗಿ ವಿಚಾರಿಸಿದಾಗ, ಅಲ್ಲಿನ ಹೆಂಗಸು ಅತ್ಯಂತ ವಿನಯದಿಂದ, ಆ ಮೀನು ಈ ದೇಶದಲ್ಲೇ ಇಲ್ಲ ಎಂದಳು. ಕಲಿತ ವಿದ್ಯೆ ಕೈಬಿಡಲಿಲ್ಲವೆಂದೇ ಹೇಳಬೇಕು. ಇಲ್ಲಿಯ ಹೊಳೆಗಳಲ್ಲಿ ಅಬ್ಬೋರೆ ಎಂಬ ಮೀನಿದೆ. ಮೈಮೇಲೆ ಹುಲಿಪಟ್ಟೆ, ರೆಕ್ಕೆಗೆ ಕುಂಕುಮದ ಬಣ್ಣ, ಬೆನ್ನ ಮೇಲೆ ಮುಳ್ಳಿನ ಕಿರೀಟ. ಅದರ ಅಭಿರುಚಿಯೂ ಹೆಚ್ಚುಕಡಿಮೆ ಆ ಅಮೆರಿಕನ್ನಿನಂಥದೇ. ಹೀಗೆ ಎಂದೂ ಕಾಣದ ಮೀನಿಗಾಗಿ ಕಲಿತದ್ದನ್ನು ಕಂಡ ಮೀನಿಗೆ ಒಗ್ಗಿಸಿಕೊಂಡೆ. ವಲಸೆ ಬಂದವರ ಸಂಸಾರಗಳು ನಡೆಯುವುದು ಬಹುಪಾಲು ಹೀಗೆಯೇ.

ನಿಮ್ಮಲ್ಲಿ ಸೂಕ್ಷ್ಮಮತಿಗಳು ಇಷ್ಟರಲ್ಲಿ ಹುಬ್ಬೇರಿಸಿರಬಹುದು: ಬಿಸ್ಕತ್ತಿನ ಪೊಟ್ಟಣವನ್ನೂ ಮೊಟ್ಟೆ ಇದೆಯೇ ಎಂದು ತಿರುಗಿಸಿ ನೋಡುವ ಮನೆಯಲ್ಲಿ ಈ ಗಾಳ ಎಲ್ಲಿಂದ ಬಂತು? ಬಂದದ್ದು ಮಗಳಿಂದ. ನಮ್ಮ ಸಿರಿ ಹುಟ್ಟಿದ್ದು ಬೆಂಗಳೂರಿನಲ್ಲಾದರೂ, ಡಾಗಿಸ್ ಎಂಬ ಇಲ್ಲಿಯ ಶಿಶುವಿಹಾರದಿಂದ ಮೊದಲ್ಗೊಂಡು ಬೆಳೆದದ್ದೆಲ್ಲ ನಾವಿರುವ ಮೋಲ್ನ್‌ಡಾಲ್‌ನಲ್ಲಿ. ಅವಳು ಚಿಕ್ಕವಳಿದ್ದಾಗ ಕೊಮ್ಯೂನ್ ಎಂಬ ಇಲ್ಲಿಯ ಪುರಸಭೆಯವರು ರಜೆಯ ಮಕ್ಕಳಿಗೆಂದು ನಡೆಸಿದ ಶಿಬಿರದಿಂದ ಒಂದು ಸಂಜೆ ಪ್ಲಾಸ್ಟಿಕ್ ಚೀಲದಲ್ಲಿ ಸಣ್ಣ ಅಬ್ಬೋರೆಯೊಂದನ್ನು ತಂದು, ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ರಾಜ್ಯ ಗೆದ್ದವಳಂತೆ ನಿಂತಳು. ನಾವಿಬ್ಬರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತೋ ಏನೋ. ಬಹಳ ಮೃದುವಾಗಿ, ನಮ್ಮ ಮನೆಯಲ್ಲಿ ಇದೆಲ್ಲ ಇಲ್ಲ ಪುಟ್ಟಾ ಎಂದು ತಿಳಿಹೇಳಿ, ಅದನ್ನು ಪಕ್ಕದ ಮನೆಗೆ ಕೊಟ್ಟುಬಂದೆವು.

ಆಮೇಲೆ ನಾನೇ ಒಂದು ದಾರಿ ಹುಡುಕಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥದು. ನಾವಿಬ್ಬರೂ ಮೀನು ಹಿಡಿಯೋಣ, ಹಿಡಿದದ್ದನ್ನು ಬಿಟ್ಟುಬಿಡೋಣ. ಗಾಳದ ಮೊನೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದೆ, ನೋವು ಕಡಿಮೆಯಾಗಲೆಂದು. ಮೀನನ್ನು ಮುಟ್ಟುವ ಮುನ್ನ ಕೈ ಒದ್ದೆ ಮಾಡಿಕೊಳ್ಳುವುದು, ಬಲೆಯನ್ನು ನೀರಿನಿಂದ ಮೇಲೆತ್ತದಿರುವುದು, ಬಿಡುವಾಗ ಅದರ ಮುಖವನ್ನು ಹರಿವಿಗೆ ಎದುರಾಗಿ ಹಿಡಿದು ಉಸಿರು ಬರುವವರೆಗೆ ಕಾಯುವುದು, ಈ ಎಲ್ಲ ಉಪಚಾರಗಳನ್ನೂ ದೇವರ ಪೂಜೆಯಷ್ಟು ಶ್ರದ್ಧೆಯಿಂದ ಮಾಡುತ್ತಿದ್ದೆ. ಬಾಲ ಒಮ್ಮೆ ಬೀಸಿ ಅದು ಮಾಯವಾದಾಗ ನನ್ನ ಮನಸ್ಸಿಗೆ ಒಂದು ಸುಖ. ಕ್ರೀಡೆಯೂ ಆಯಿತು, ಪುಣ್ಯವೂ ಬಂತು.

ಸಿರಿಗೆ ಇದು ಪುಣ್ಯವೆಂದು ಎಂದೂ ಅನ್ನಿಸಲಿಲ್ಲ. ಅವಳು ಬೆಳೆದ ಲೋಕದ ನ್ಯಾಯ ಬೇರೆ. ತಿನ್ನುವುದಕ್ಕೆ ಹಿಡಿದರೆ ಸರಿ, ಸುಮ್ಮನೆ ಬಾಯಿಗೆ ಕೊಕ್ಕೆ ಚುಚ್ಚಿ ಎಳೆದಾಡಿ ಬಿಡುವುದು ಕ್ರೌರ್ಯ. “ಅಪ್ಪ, ಅದರ ಹತ್ರ ಆಟ ಆಡ್ತಿದೀವಿ ಅಷ್ಟೇ. ತಿನ್ನೋದೇ ಇಲ್ಲ ಅಂದ್ರೆ ಹಿಡೀಲೇಬಾರ್ದು,” ಎಂದು ಒಮ್ಮೆ ಹೇಳಿದಳು. ಊಟದ ಜೊತೆ ಆಟ ಆಡಬಾರದು ಎಂದು ಅನ್ನ ಕಲಸುತ್ತಾ ಅವಳಿಗೆ ಕಲಿಸಿದವರು ನಾವೇ. ಅವಳ ಕಣ್ಣಿಗೆ ನನ್ನ ಅಹಿಂಸೆ ಹಿಂಸೆಯಾಗಿ, ನನ್ನ ಕಣ್ಣಿಗೆ ಅವಳ ಕರುಣೆ ಕೊಲೆಯಾಗಿ ಕಾಣುತ್ತಾ, ಇಬ್ಬರೂ ಒಂದೇ ಬಂಡೆಯ ಮೇಲೆ ಕೂತು ಬೇರೆ ಬೇರೆ ಧರ್ಮಸಂಕಟಗಳನ್ನು ಅನುಭವಿಸಿದೆವು. ದೊಡ್ಡವಳಾದಂತೆ ಬರುವುದನ್ನು ಕಡಿಮೆ ಮಾಡಿದಳು. ಶಾಲೆಯ ಊಟದಲ್ಲಿ ಅವಳು ಮೀನು ತಿನ್ನುತ್ತಾಳೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಮಾತಾಗಿತ್ತು. ಮಗಳು ಬಿಟ್ಟರೂ ನಾನು ನೊಣ ಬಿಡಲಿಲ್ಲ. ಅವಳ ಜೊತೆ ಇರುವುದಕ್ಕೆಂದು ಹಿಡಿದ ಗಾಳ ನನ್ನನ್ನೇ ಹಿಡಿದುಕೊಂಡಿತ್ತು.

ಕಳೆದ ಆಗಸ್ಟಿನಲ್ಲಿ, ಕಾರ್ಲ್‌ಸ್ಟಾಡ್ ವಿಶ್ವವಿದ್ಯಾಲಯಕ್ಕೆ ಹೊರಡುವ ಹಿಂದಿನ ವಾರ, ಅವಳೇ ಬಂದು, “ಅಪ್ಪ, ಶನಿವಾರ ಹೊಳೆಗೆ ಹೋಗೋಣ್ವಾ?” ಎಂದಳು. ನನಗಾದ ಸಂತೋಷವನ್ನು ಇಲ್ಲಿ ಬಣ್ಣಿಸಲಾರೆ. ಆಮೇಲೆ ಅವಳೇ ಮುಂದುವರಿಸಿದಳು: “ಸಿಕ್ಕಿದ್ರೆ ನಾನು ಅಲ್ಲೇ ಫ್ರೈ ಮಾಡ್ತೀನಿ. ನೀನು ತಿನ್ಬೇಡ. ಜಸ್ಟ್, ನಾನು ತಿನ್ನೋವಾಗ ಎದ್ದು ಹೋಗ್ಬೇಡ. ಪಕ್ಕದಲ್ಲಿ ಕೂತ್ಕೋ, ಓಕೆ?”

ಇದಕ್ಕಿಂತ ಕಡಿಮೆ ಯಾವ ಮಗಳು ಕೇಳಿಯಾಳು? ಆಯ್ತು ಕಣೇ ಎಂದೆ. ಮನಃಪೂರ್ವಕವಾಗಿಯೇ ಎಂದೆ. ಶೈಲಜಾ ಚಿತ್ರಾನ್ನದ ಡಬ್ಬಿ ಕಟ್ಟಿಕೊಟ್ಟಳು. ಸಿರಿ ತನ್ನ ಬೆನ್ನಚೀಲದಲ್ಲಿ ಸಣ್ಣ ಗ್ಯಾಸ್ ಒಲೆ, ಬಾಣಲೆ, ಬೆಣ್ಣೆ, ಉಪ್ಪು ತುಂಬಿಕೊಂಡಳು. ಮೀನು ಹಿಡಿಯುವ ಪರವಾನಗಿಯನ್ನು ಫೋನಿನಲ್ಲಿ ಖರೀದಿಸಿ, ಊರಾಚೆಯ ಹೊಳೆಯ ದಂಡೆಗೆ ಸಂಜೆಯ ಬಿಸಿಲಿರುವಾಗಲೇ ಮುಟ್ಟಿದೆವು.

ಅಲ್ಲಿ ನಾನು ನೊಣದ ಡಬ್ಬಿ ತೆರೆದೆ. ರಬ್ಬರ್ ಕಾಲುಗಳ ಕಂದು ಏಡಿ, ಬಿಳಿಗರಿಯ ಮರಿಮೀನು, ಕರಿಯ ಜಿಗಣೆ, ನೀರಿನ ಮೇಲೆ ಗುಳುಕ್ ಎಂದು ತೇಲುವ ಹಸಿರು ಕಪ್ಪೆ. ನೀರು ತಿಳಿಯಾಗಿದ್ದುದರಿಂದ ಸಣ್ಣದು ಲೇಸು; ಆದರೆ ಸೂರ್ಯ ಇಳಿಯುತ್ತಿದ್ದುದರಿಂದ ಕಪ್ಪೆಗೂ ಒಂದು ಅವಕಾಶ; ಕಲ್ಲುಗಳ ಸಂದಿಯಲ್ಲಿ ಏಡಿಗಳು ಚಿಪ್ಪು ಕಳಚುವ ಕಾಲವಾದ್ದರಿಂದ ಕಂದುಬಣ್ಣವನ್ನು ತಳ್ಳಿಹಾಕುವಂತಿಲ್ಲ. ಹೀಗೆ ನಾನು ಪೂರ್ವಪಕ್ಷ, ಉತ್ತರಪಕ್ಷಗಳನ್ನು ಎತ್ತಿಕೊಂಡು ಕೂತಿರುವಾಗ, ಪಕ್ಕದ ಬಂಡೆಯ ಮೇಲಿಂದ ಸಿರಿ ಮಾತಾಡುತ್ತಿದ್ದಳು. ಹಾಸ್ಟೆಲಿನ ಕಾರಿಡಾರಿನಲ್ಲಿ ಸಿಕ್ಕಿರುವ ರೂಮು, ಎಲ್ಲರಿಗೂ ಒಂದೇ ಅಡುಗೆಮನೆ, ಹೀಗೇನೋ.

“ಅಲ್ಲಿ ನಂಗೆ ಯಾರೂ ಗೊತ್ತಿಲ್ಲ ಅಪ್ಪ,” ಎಂದಳು.

“ಹೂಂ. ನೀರು ಆ ಕಡೆ ಸ್ವಲ್ಪ ಕಂದಾಗಿದೆ, ನೋಡು,” ಎಂದೆ ನಾನು.

ಅವಳು ನೋಡಿದಳು. ಆಮೇಲೆ, “ಯಾವ್ದಾದ್ರೂ ಒಂದು ಕೊಡಪ್ಪ,” ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಕೊನೆಗೆ ಏಡಿಯೇ ಗೆದ್ದಿತು. ನನ್ನ ಪಾಂಡಿತ್ಯಕ್ಕೆ ಹೊಳೆಯೂ ಮನ್ನಣೆ ಕೊಟ್ಟಿತೆನ್ನಬೇಕು. ಅವಳು ದೊಡ್ಡ ಬಂಡೆಯ ನೆರಳಿಗೆ ಅದನ್ನು ಹಗುರಾಗಿ ಬೀಸಿ, ತಳ ಮುಟ್ಟಿಸಿ, ಒಮ್ಮೆ ತುಸು ಜಗ್ಗಿದ್ದೇ ತಡ, ಕೋಲು ಬಾಗಿತು. ನಾನು ಮೊಣಕಾಲುದ್ದದ ನೀರಿಗಿಳಿದು ಬಲೆ ಒಡ್ಡಿದೆ. ಅಂಥ ಅಬ್ಬೋರೆಯನ್ನು ನಾವು ಆ ಹೊಳೆಯಲ್ಲಿ ಕಂಡೇ ಇರಲಿಲ್ಲ. ಬಲೆಯೊಳಗೆ ಅದರ ಪಟ್ಟೆಗಳು ಇಳಿಬಿಸಿಲಿಗೆ ಹೊಳೆದವು. ಅವಳು ಕೋಲನ್ನು ದಂಡೆಯ ಮೇಲಿಟ್ಟು ಬಾಣಲೆಗೆಂದು ಚೀಲದ ಕಡೆ ಓಡಿದಳು. ನಾನು ಅದರ ತುಟಿಯಂಚಿಗೆ ಸಿಕ್ಕಿದ್ದ ನನ್ನ ಏಡಿಯನ್ನು ನೋಡುತ್ತಾ, ಆಹಾ, ಬೇಸಿಗೆಯ ಕೊನೆಗೆ ಕಂದುಬಣ್ಣವೇ ಸರಿ ಎಂದು ಮೈಮರೆತಿದ್ದೆ. ಆ ಹೊತ್ತಿನಲ್ಲಿ ನನ್ನ ಕೈಗಳು ವರ್ಷಗಟ್ಟಲೆ ಮಾಡಿದ್ದನ್ನು ತಮ್ಮ ಪಾಡಿಗೆ ಮಾಡುತ್ತಿದ್ದವು. ಒದ್ದೆಯಾದವು. ಕೊಕ್ಕೆ ಬಿಡಿಸಿದವು. ಮೀನಿನ ಮುಖವನ್ನು ಹರಿವಿಗೆ ಎದುರಾಗಿ ಹಿಡಿದವು. ಬಾಲ ಬೀಸಿದ ನೀರು ಮುಖಕ್ಕೆ ಸಿಡಿದಾಗಲೇ ನನಗೆ ಎಚ್ಚರವಾದದ್ದು.

ತಿರುಗಿ ನೋಡಿದೆ. ಸಿರಿ ಬಾಣಲೆ ಹಿಡಿದು ನಿಂತಿದ್ದಳು.

“ಅಯ್ಯೋ, ಬೇಕೂಂತ ಬಿಡಲಿಲ್ಲ ಕಣೇ,” ಎಂದೆ. ಅದು ನಿಜ. ಆದರೆ ಅವಳು ಅದನ್ನು ನಂಬಲಿಕ್ಕೆ ನಾನು ಕೊಟ್ಟಿದ್ದ ಕಾರಣಗಳು ತೀರ ಕಡಿಮೆ.

“ಡೆ ಏ ಲುಂಗ್ತ್, ಅಪ್ಪ,” ಎಂದಳು. ಇದು ಸ್ವೀಡನ್ನಿನವರು ಬಸ್ಸು ತಪ್ಪಿದಾಗ, ಕಾಫಿ ಚೆಲ್ಲಿದಾಗ, ಯಾರೋ ಕಾಲು ತುಳಿದಾಗ ಹೇಳುವ ಮಾತು. ಪರವಾಗಿಲ್ಲ, ಏನೂ ಆಗಿಲ್ಲ ಎಂದರ್ಥ. ನಮ್ಮಲ್ಲಿ ಮಗಳಿಗೆ ಸಿಟ್ಟು ಬಂದರೆ ಬಾಗಿಲು ಬಡಿಯುತ್ತಾಳೆ, ಊಟ ಬಿಡುತ್ತಾಳೆ, ಅತ್ತು ರಂಪ ಮಾಡುತ್ತಾಳೆ. ರಮಿಸಲು ಅಪ್ಪನಿಗೆ ಒಂದು ಹಿಡಿಕೆಯಾದರೂ ಸಿಗುತ್ತದೆ. ಏನೂ ಆಗಿಲ್ಲ ಎಂದವಳನ್ನು ಹೇಗೆ ರಮಿಸುವುದು?

ಆಮೇಲೆ ಒಂದು ಮೀನೂ ಬರಲಿಲ್ಲ. ಬಿಸಿಲು ಹೋದಮೇಲೆ ಅವಳು ಒಲೆ ಹಚ್ಚಿ, ಬಾಣಲೆಗೆ ಬೆಣ್ಣೆ ಹಾಕಿ, ಅಮ್ಮ ಕಟ್ಟಿದ್ದ ಚಿತ್ರಾನ್ನವನ್ನು ಬಿಸಿ ಮಾಡಿದಳು. ನಾನು ಮಾತು ಕೊಟ್ಟಂತೆ ಪಕ್ಕದಲ್ಲಿ ಕೂತಿದ್ದೆ. ಚಿತ್ರಾನ್ನ ತಿನ್ನುವ ಮಗಳ ಪಕ್ಕದಲ್ಲಿ ಕೂರಲು ಯಾವ ಅಪ್ಪನಿಗೂ ಧೈರ್ಯ ಬೇಕಾಗಿಲ್ಲ.

ಮುಂದಿನ ವಾರ ಅವಳನ್ನು ಕಾರ್ಲ್‌ಸ್ಟಾಡಿಗೆ ಬಿಟ್ಟುಬಂದೆವು. ಮರುದಿನದಿಂದಲೇ ನನ್ನನ್ನು ಆ ಸಂಜೆ ಕಾಡತೊಡಗಿತು. ವಿಚಿತ್ರವೆಂದರೆ, ಮೀನನ್ನು ಬಿಟ್ಟದ್ದಕ್ಕೆ ನನಗೆ ಅಷ್ಟು ಪಶ್ಚಾತ್ತಾಪವಿಲ್ಲ. ಅದು ಕೈಯ ಪ್ರಮಾದ. ಅಲ್ಲಿ ನಂಗೆ ಯಾರೂ ಗೊತ್ತಿಲ್ಲ ಎಂದಾಗ ನಾನು ನೀರಿನ ಬಣ್ಣ ನೋಡು ಎಂದೆನಲ್ಲ, ಪಶ್ಚಾತ್ತಾಪವೆಲ್ಲ ಅದಕ್ಕೆ. ಒಂದು ಮೀನು ಏನನ್ನು ಇಷ್ಟಪಟ್ಟೀತು ಎಂದು ಅಷ್ಟು ಹೊತ್ತು ಯೋಚಿಸಬಲ್ಲವನು, ಪಕ್ಕದ ಬಂಡೆಯ ಮೇಲಿದ್ದವಳಿಗೆ ಏನು ಬೇಕು ಎಂದು ಒಂದು ಗಳಿಗೆ ಯೋಚಿಸಲಿಲ್ಲ. ಅವಳು ಅಷ್ಟು ಸ್ಪಷ್ಟವಾಗಿ ಹೇಳಿದ್ದಳು, ಯೋಚಿಸುವ ಅಗತ್ಯವೂ ಇರಲಿಲ್ಲ.

ಸೆಪ್ಟೆಂಬರಿನ ಒಂದು ಭಾನುವಾರ ಅವಳ ಫೋನು ಬಂತು. ಅಮ್ಮನ ಜೊತೆ ಬೇಕಾದಷ್ಟು ಮಾತಾಡಿದ ಮೇಲೆ ಫೋನು ನನ್ನ ಕೈಗೆ ಬಂತು. ಕಾರಿಡಾರಿನ ಗೆಳತಿಯರ ಜೊತೆ ಅಲ್ಲಿಯ ಹೊಳೆಗೆ ಹೋಗಿದ್ದಳಂತೆ. ಒಂದು ಅಬ್ಬೋರೆ ಸಿಕ್ಕಿತಂತೆ. ನನ್ನ ಬಾಯಿಂದ ಬಂದದ್ದು ಬರಬಾರದ ಪ್ರಶ್ನೆಯೇ: “ಯಾವ ನೊಣಕ್ಕೆ?”

“ಎರೆಹುಳ, ಅಪ್ಪ,” ಎಂದು ನಕ್ಕಳು. ನಾನೂ ನಕ್ಕೆ. ಮುಂದಿನ ಪ್ರಶ್ನೆ ಏನೆಂದು ಅವಳಿಗೂ ಗೊತ್ತಿತ್ತು. ಬಿಟ್ಯಾ, ಇಟ್ಕೊಂಡ್ಯಾ ಎಂದು ನಾನು ಕೇಳಬೇಕು, ಅವಳು ಏನೋ ಒಂದು ಹೇಳಿ ಮಾತು ತೇಲಿಸಬೇಕು. ಪಕ್ಕದಲ್ಲಿ ಶೈಲಜಾ ಹುರುಳಿಕಾಯಿ ಸೋಸುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ನಮ್ಮ ಮನೆತನದಲ್ಲಿ ಯಾರೂ ಯಾರನ್ನೂ ಕೇಳಿರದ ಪ್ರಶ್ನೆಯನ್ನು ನಾನು ಕೇಳಿದೆ.

“ರುಚಿಯಾಗಿತ್ತಾ?”

ಲೈನು ಕಡಿದುಹೋಯಿತೆಂದೇ ಎಣಿಸಿ ಫೋನನ್ನು ಕಿವಿಯಿಂದ ತೆಗೆಯುವುದರಲ್ಲಿದ್ದೆ.

“ಹೂಂ ಅಪ್ಪ,” ಎಂದಳು, ಸಣ್ಣ ದನಿಯಲ್ಲಿ, ಅಪ್ಪಟ ಕನ್ನಡದಲ್ಲಿ. “ಸ್ವಲ್ಪ ಉಪ್ಪು ಕಮ್ಮಿಯಾಗಿತ್ತು.”