ಹೊಲ್ಗರ್‌ನ ಶಿಳ್ಳೆ

"ಅಮ್ಮಾ, ಹೊಲ್ಗರ್ ಯಾವತ್ತಾದ್ರೂ ಗೆದ್ದಿದಾನಾ?" ಎಂದು ಐದು ವರ್ಷದ ಸಿಗ್ನೆ ಕೇಳಿದಾಗ ಟೋವೆ ಸಾಸೇಜ್ ಬೇಯಿಸುತ್ತಿದ್ದಳು. ಮೈದಾನದ ಕಾಫಿ ಅಂಗಡಿಯಲ್ಲಿ ಅಂದು ಅವಳ ಸರದಿ.

"ಮಾತಲ್ಲಿ ದಿನಾ ಗೆಲ್ತಾನೆ. ನೀನು ಟೋಪಿ ಹಾಕ್ಕೋ ಕಂದ, ಗಾಳಿ ಇದೆ."

ಹೊಲ್ಗರ್ ಊರಿನ ಫುಟ್‌ಬಾಲ್ ತಂಡದ ಕೋಚ್. ವಸಂತದಲ್ಲಿ ಸೋತರೆ ಹಿಮ ಕರಗಿದ ಕೆಸರಿನ ತಪ್ಪು, ಬೇಸಿಗೆಯಲ್ಲಿ ಸೋತರೆ ರಜೆಗೆ ಹೋದ ಆಟಗಾರರ ತಪ್ಪು, ಆಮೇಲೆ ಸೋತದ್ದೆಲ್ಲ ರೆಫರಿಯ ತಪ್ಪು. ಹಗಲೆಲ್ಲ ಟೈರ್ ಬದಲಿಸುವ ಈ ಮಹಾಶಯ, ಸಂಜೆ ಕೊರಳಿಗೆ ಶಿಳ್ಳೆ ಬಿತ್ತೆಂದರೆ ಸ್ವೀಡನ್ ತಂಡವನ್ನೇ ಆಡಿಸುವವನಂತೆ ಬೀಗುತ್ತಿದ್ದ. ಅಂದು ಕೊನೆಯ ಪಂದ್ಯ. ಸೋತರೆ ಆರನೇ ಡಿವಿಜನ್‌ನಿಂದ ಕೊನೆಯ ದರ್ಜೆಯಾದ ಏಳನೆಯದಕ್ಕೆ ಇಳಿಯಬೇಕು. ಅದರ ಕೆಳಗೆ ಬರೀ ಆಲೂಗಡ್ಡೆ ಹೊಲ.

ಸೋತರು. ಹೊಲ್ಗರ್ ನೇರ ಅಂಗಡಿಗೆ ಬಂದು ಕಾಫಿ ಬಗ್ಗಿಸಿಕೊಂಡ.

"ಏಳನೇದ್ರಲ್ಲಿ ನಮ್ಮನ್ನ ಹಿಡಿಯೋರೇ ಇಲ್ಲ, ನೋಡ್ತಿರು."

"ಹೌದು ಬಿಡು, ಅಲ್ಲಿಂದ ಕೆಳಗೆ ಬೀಳೋಕೆ ಜಾಗಾನೇ ಇಲ್ಲ."

ಅವನು ನಗಲಿಲ್ಲ, ಶಿಳ್ಳೆಯನ್ನು ಮುಟ್ಟಿ ನೋಡಿಕೊಂಡ. ಅದು ಹೋದರೆ ತನಗೆ ಉಳಿಯುವುದು ಟೈರು ಮಾತ್ರ ಎಂದು ಅವನಿಗೂ ಗೊತ್ತಿತ್ತು. ಮುಂದಿನ ವರ್ಷದ ಕೋಚನ್ನು ಆರಿಸುವ ಕ್ಲಬ್ಬಿನ ವಾರ್ಷಿಕ ಸಭೆಯಲ್ಲಿ ಯಾರೂ ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳುವಂತಿಲ್ಲ. ಈ ವರ್ಷ ಹೆಸರು ಸೂಚಿಸುವ ಕೆಲಸ ಟೋವೆಯದು.

"ಟೋವೆ," ಎಂದ ಅವನು ದನಿ ತಗ್ಗಿಸಿ, "ಸಭೇಲಿ ನನ್ನ ಹೆಸರೇ ಹೇಳು. ಮರ್ಯಾದೆಗೆ ನಾನು ಒಂದ್ಸಲ ಬೇಡ ಅಂತೀನಿ. ನೀನು ಮಾತ್ರ ಇನ್ನೊಂದ್ಸಲ ಕೇಳೋದನ್ನ ಮರೀಬೇಡ."