ಗವಾಕ್ಷಿ ಮೇಲಿನ ರೈಲು

ಹೊಗೆ ನೋಡಕ್ಕೆ ಅಂತ ಜನ ಮನೆಗೆ ಬರೋದನ್ನ ನೀವೆಲ್ಲಾದರೂ ಕಂಡಿದ್ದೀರಾ? ಚಳ್ಳಕೆರೆಯ ನಮ್ಮ ಮಾವನೋರ ಮನೆಗೆ ಬರ್ತಿದ್ದರು. ತಳಕಿನಿಂದ, ಪರಶುರಾಂಪುರದಿಂದ ಶೇಂಗಾ ವ್ಯಾಪಾರದ ಯಜಮಾನರುಗಳು ಬಿಳಿ ಪಂಚೆ ಎತ್ತಿ ಹಿಡ್ಕೊಂಡು ಮಹಡಿ ಮೆಟ್ಟಿಲು ಹತ್ತೋರು. ಅಲ್ಲಿ ಮೇಜಿನ ಮೇಲೆ ಮೊಳದುದ್ದದ ಆಟದ ರೈಲಿಂಜಿನ್ನು ಗುಂಡಗೆ ಸುತ್ತುತ್ತಾ ಫುಸ್ ಫುಸ್ ಅಂತ ಹೊಗೆ ಬಿಡೋದು. "ಅಬ್ಬಬ್ಬಾ, ಥೇಟ್ ನಮ್ಮ ಹಳೇ ರೈಲೇ ಕಣ್ರಿ!" ಅನ್ನೋರು. ಕೆಳಗೆ ಅಡುಗೆಮನೆಯಲ್ಲಿ ನಾನೂ ನಮ್ಮತ್ತೆಯೂ ಅದಕ್ಕೆ ನೂರು ಪಾಲು ಹೊಗೆ ಕುಡೀತಾ ಅವರಿಗೆ ಮುದ್ದೆ ಕಟ್ತಿದ್ದೆವು. ನಮ್ಮ ಹೊಗೆ ನೋಡಕ್ಕೆ ಒಬ್ಬ ಪುಣ್ಯಾತ್ಮನೂ ಬರಲಿಲ್ಲ.

ಮಾವನೋರದ್ದು ಎಣ್ಣೆ ಮಿಲ್ಲು. ತೊಂಬತ್ತರ ದಶಕದಲ್ಲಿ ನಮ್ಮ ಲೈನಿನ ಹೊಗೆ ಇಂಜಿನ್ನುಗಳು ನಿಂತವು ನೋಡಿ, ಅವರಿಗೆ ತಡೆಯಲಾರದ ದುಃಖ. ಅದರಲ್ಲಿ ದಿನಾ ಓಡಾಡ್ತಿದ್ದರಾ ಅಂದ್ರೆ ಅದೂ ಇಲ್ಲ. ಮೊಳಕಾಲ್ಮೂರಿನ ನನ್ನ ತವರಿಗೆ ಬರೋದಾದರೂ ಜೀಪೇ ಆಗಬೇಕು. ಆದರೂ ದುಃಖ. ಬಳ್ಳಾರಿಯಲ್ಲಿ ಯಾವುದೋ ಹಳೇ ಬಂಗಲೆಯ ಸಾಮಾನು ಹರಾಜಾದಾಗ ಈ ಫಾರಿನ್ ಇಂಜಿನ್ನನ್ನ ಕೂಸಿನ ಹಾಗೆ ಟವೆಲ್ಲಲ್ಲಿ ಸುತ್ಕೊಂಡು ಬಂದರು. ನನ್ನ ಮಗಳು ಹುಟ್ಟಿದಾಗ ಅಷ್ಟು ಜೋಪಾನವಾಗಿ ಎತ್ಕೊಳ್ಳಲಿಲ್ಲ ಆ ಮನುಷ್ಯ.

ಇಂಜಿನ್ನಿಗೆ ಧೂಳು ಆಗಲ್ಲವಂತೆ, ಅದಕ್ಕೊಂದು ಕೋಣೆ ಬೇಕಾಯ್ತು. ನಮ್ಮದು ಹಳೇ ಮಾಳಿಗೆ ಮನೆ. ಒಲೆಯ ನೇರಕ್ಕೆ ಮಾಳಿಗೆಯಲ್ಲಿ ಒಂದು ಗವಾಕ್ಷಿ. ಬೆಳಕು ಇಳಿಯೋದೂ ಅದರಲ್ಲೇ, ಹೊಗೆ ಹೋಗೋದೂ ಅದರಲ್ಲೇ. ಅಡುಗೆಮನೆ ಗೋಡೆ ದಪ್ಪ, ತಡೀತದೆ ಅಂತ ಅದರ ಮೇಲೇ ಕೋಣೆ ಎಬ್ಬಿಸಿದರು. ಗವಾಕ್ಷಿಗೆ ಒಂದು ಕಡಪ ಕಲ್ಲು ಮುಚ್ಚಿ, ಕಲ್ಲಿನ ಮೇಲೆ ಮೇಜು, ಮೇಜಿನ ಮೇಲೆ ರೈಲು. "ಹೊಗೆ ಎಲ್ಲಿಗೆ ಹೋಗ್ಬೇಕು ಮಾವಾ?" ಅಂತ ಕೇಳಿದೆ. "ಕಿಟಕಿ ಐತಲ್ಲ" ಅಂದರು. ಅಡುಗೆಮನೆಯ ಅಂಗೈಯಗಲದ ಕಿಟಕಿ ಅದು.

ಮಿಲ್ಲಿನ ಶೇಂಗಾ ಸಿಪ್ಪೆ ಪುಕ್ಕಟೆ, ಹಾಗಾಗಿ ಒಲೆಗೆ ಸಿಪ್ಪೆಯೇ. ಗ್ಯಾಸಿತ್ತು, ಅದು ನೆಂಟರ ಟೀಗೆ ಮಾತ್ರ. ಗ್ಯಾಸಿನ ಮೇಲೆ ಮಾಡಿದ ಮುದ್ದೆಗೆ ರುಚಿ ಇಲ್ಲ ಅಂತ ಮಾವನೋರ ತೀರ್ಪು. ಸಿಪ್ಪೆ ಹೊಗೆ ಕಣ್ಣಿಗೆ ಕಾರ ಹಾಕಿದಂಗೆ. ನಾನು ಹರೇದೋಳು, ತಡ್ಕೊಂಡೆ. ಅತ್ತೆಗೆ ಮೊದಲೇ ಕಣ್ಣು ಸೋತಿದ್ದವು. ಅಕ್ಕಿಯಲ್ಲಿ ಕಲ್ಲು ಆರಿಸಕ್ಕೆ ಆಗ್ತಿರಲಿಲ್ಲ, ಬೆರಳಿಂದ ಮುಟ್ಟಿ ಮುಟ್ಟಿ ನೋಡೋರು. ದುರ್ಗದ ಕಣ್ಣಿನ ಡಾಕ್ಟರು ಒಂದೇ ಮಾತು ಹೇಳಿದರು: "ಹೊಗೆಯಿಂದ ದೂರ ಇಡ್ರಿ. ಹಿಂಗೇ ಬಿಟ್ಟರೆ ಆಮೇಲೆ ನನ್ನ ಹತ್ರ ಬಂದೂ ಪ್ರಯೋಜನ ಇಲ್ಲ." ಮಾವನೋರು ಹೂಂ ಅಂದರು. ದೀಪಾವಳಿ ಕಳೀಲಿ ಅಂದರು. ಯುಗಾದಿ ಕಳೀಲಿ ಅಂದರು. ನನ್ನ ಗಂಡನಿಗೆ ಹೇಳಿದರೆ "ಅಪ್ಪನ ಮುಂದೆ ನಾನೇನ್ ಮಾತಾಡ್ಲೇ" ಅಂತ ಮಗ್ಗುಲಾದರು. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಮಾವನೋರಂಥೋರಿಗೆ ಸುಮ್ಮನೆ ಗಾದೆ ಮಾಡಿಲ್ಲ.

ಅಷ್ಟರಲ್ಲಿ ಇನ್ನೊಂದು ಕೇಡಾಯ್ತು. ರೈಲಿನ ಹೊಗೆ ನಿಂತೋಯ್ತು! ಮನೆಯಲ್ಲಿ ಸೂತಕ ಬಂದಂಗೆ ಆಯ್ತು. ಮಾವನೋರಿಗೆ ಊಟ ಸೇರಲಿಲ್ಲ. ಅತ್ತೆ ಒಲೆ ಕೆಂಡಕ್ಕೆ ಕೈ ಸುಟ್ಕೊಂಡ ದಿನ ಇವರು ಎರಡು ಮುದ್ದೆ ಉಂಡಿದ್ದರು, ನನಗೆ ಚೆನ್ನಾಗಿ ನೆನಪೈತೆ.

ಮೋಟಾರ್ ವೈಂಡಿಂಗ್ ಮಾಡೋ ಸಾಹೇಬರನ್ನ ಕರೆಸಿದರು. ಅವರು ಇಂಜಿನ್ ಬಿಚ್ಚಿದಾಗ ನಾನು ಟೀ ಕೊಡೋ ನೆಪದಲ್ಲಿ ನಿಂತು ನೋಡಿದೆ. ಇಷ್ಟೇನಾ ಅನ್ನಿಸ್ತು. ಹೊಗೆ ಕೊಳವೆ ಒಳಗೆ ಒಂದು ಪುಟ್ಟ ಬತ್ತಿ, ಬತ್ತಿಗೆ ಸುತ್ತಿದ ಕೂದಲೆಳೆಯಂಥ ತಂತಿ. ಕರೆಂಟು ಹರಿದರೆ ತಂತಿ ಕಾಯ್ತದೆ, ಬತ್ತಿಯಲ್ಲಿರೋ ಎರಡು ಹನಿ ಎಣ್ಣೆ ಹೊಗೆಯಾಗ್ತದೆ. ಕೆಳಗೆ ಗಾಲಿಗೆ ಸಿಕ್ಕಿಸಿದ ಒಂದು ಕೊಂತ, ಪಿಸ್ಟನ್ ಅಂತಾರಲ್ಲ ಅದು. ಗಾಲಿ ತಿರುಗಿದಾಗೆಲ್ಲ ಗಾಳಿ ದಬ್ಬಿ ಹೊಗೆಯನ್ನ ಮೇಲಕ್ಕೆ ಉಫ್ ಅನ್ನಿಸ್ತದೆ. ಬೆಂಕಿ ಇಲ್ಲ, ನೀರಿಲ್ಲ, ಏನೂ ಬೇಯೋದಿಲ್ಲ. ಬರೀ ಹೊಗೆ. ದೊಡ್ಡ ಮನುಷ್ಯರ ದರ್ಬಾರೂ ಇಂಥದ್ದೇ ಅಂದ್ಕೊಂಡೆ.

ಸಾಹೇಬರು ಕೊಳವೆ ಮೂಸಿ ನೋಡಿದರು. "ಸಾವ್ಕಾರ್ರೆ, ಇದಕ್ಕೆ ಏನು ಹಾಕಿದ್ರಿ?"

"ಅದರ ಜತೆ ಬಂದಿದ್ದ ಸೀಸೆ ಎಣ್ಣೆ ಖಾಲಿಯಾಯ್ತು. ನಮ್ಮ ಮಿಲ್ಲಿನದೇ ಹಾಕಿದೆ. ಪಸ್ಟ್ ಕ್ಲಾಸ್ ಶೇಂಗಾ ಎಣ್ಣೆ. ಚಳ್ಳಕೆರೆಯಲ್ಲಿ ಕೂತು ಎಣ್ಣೆಗೆ ಬೇರೆ ದೇಶ ಹುಡುಕ್ಲಾ?"

ಅಯ್ಯೋ ಶಿವನೇ! ಮಹಡಿಯಿಂದ ಬಜ್ಜಿ ಕರಿದ ವಾಸನೆ ಯಾಕೆ ಬರ್ತಿತ್ತು ಅಂತ ನನಗಾಗ ಗೊತ್ತಾಯ್ತು. ಎಣ್ಣೆ ಸುಟ್ಟು ಸುಟ್ಟು ಅರಗಿನಂಗೆ ಗಟ್ಟಿಯಾಗಿತ್ತು. ಸಾಹೇಬರು ಸೂಜಿ ಆಡಿಸ್ತಾ ಹೇಳಿದರು, "ಹೊಗೆ ಹೋಗೋ ದಾರಿನೇ ಕಟ್ಟೈತೆ ಸಾವ್ಕಾರ್ರೆ. ದಾರಿ ಇಲ್ದಿದ್ರೆ ಪಾಪ, ಅದಾದ್ರೂ ಏನ್ ಮಾಡ್ತದೆ?"

"ಹೌದಲ್ಲ ಪಾಪ!" ಅಂದರು ಮಾವನೋರು. ಹೆಂಡತಿಗೆ ಒಂದು ದಿನ ಪಾಪ ಅಂದ ಬಾಯಲ್ಲ ಅದು. ಎರಡು ದಿನ ಕನ್ನಡಕ ಹಾಕ್ಕೊಂಡು, ನನ್ನ ಹೊಲಿಗೆ ಸೂಜಿ ಇಸ್ಕೊಂಡು, ಬೆರಳುದ್ದದ ಕೊಳವೆ ಕೆರೆದದ್ದೇ ಕೆರೆದದ್ದು. ನನಗೆ ಮೈಯೆಲ್ಲ ಉರೀತು.

ಸೋಮವಾರ ಮತ್ತೆ ಯಜಮಾನರುಗಳನ್ನ ಊಟಕ್ಕೆ ಕರೆದರು, ಹೊಗೆ ತೋರಿಸಕ್ಕೆ. ಬೆಳಿಗ್ಗೆ ಮಾವನೋರು ಮಿಲ್ಲಿಗೆ ಹೋಗಿದ್ದೇ ತಡ, ಹಾರೆ ಹಿಡ್ಕೊಂಡು ಮಹಡಿ ಹತ್ತಿದೆ. ಮೇಜಿನ ಸುತ್ತ ನೆಲದವರೆಗೂ ಇಳಿಬಿದ್ದ ಬಟ್ಟೆ. ಒಳಗೆ ತೂರಿ ಕಲ್ಲನ್ನ ಮೀಟಿ ಪಕ್ಕಕ್ಕೆ ಸರಿಸಿದೆ. ಕೆಳಗಿಂದ ಅತ್ತೆ, "ಬ್ಯಾಡ ಕಣವ್ವ, ನಿಮ್ಮಾವ ಸುಮ್ಮನಿರಲ್ಲ" ಅಂತ ಅಲವತ್ತುಕೊಂಡರು. "ಅವರು ಸುಮ್ಮನಿದ್ದದ್ದು ಯಾವಾಗ ಅತ್ತೆ?" ಅಂದೆ.

ಮಧ್ಯಾಹ್ನ ಯಜಮಾನರುಗಳು ಮೇಲೆ ಸೇರಿದರು. ನಾನು ಒಲೆಗೆ ಸಿಪ್ಪೆ ಸುರಿದೆ. ಮೇಲಿಂದ ಚಪ್ಪಾಳೆ ಕೇಳಿಸ್ತು. "ಏನ್ ಹೊಗೆ ಸಾವ್ಕಾರ್ರೆ! ಕೋಣೆ ತುಂಬ್ತಲ್ಲ!" "ಹೆಂಗೆ ಮತ್ತೆ? ನಾನೇ ರಿಪೇರಿ ಮಾಡಿದ್ದು" ಅಂತ ಮಾವನೋರ ದನಿ. ನಗು ತಡೆಯಕ್ಕಾಗದೆ ಸೆರಗು ಬಾಯಿಗೆ ತುರುಕ್ಕೊಂಡೆ. ಆಮೇಲೆ ಬಾಣಲೆಗೆ ಸೇರು ಒಣ ಮೆಣಸಿನಕಾಯಿ ಹಾಕಿ ಹುರಿದೆ. ಸುಳ್ಳು ಯಾಕೆ ಹೇಳ್ಲಿ, ಬೇಕಂತಲೇ ಹುರಿದೆ. ಆ ಘಾಟಿಗೆ ಊರ ಯಜಮಾನರೆಲ್ಲ ಕೆಮ್ಮಿ, ಸೀನಿ, ಪಂಚೆ ತುದಿಯಲ್ಲಿ ಮೂಗು ಮುಚ್ಕೊಂಡು ಒಬ್ಬರ ಮೇಲೊಬ್ಬರು ಮೆಟ್ಟಿಲಿಳಿದರು.

ಮಾವನೋರು ಕೊನೆಗೆ ಬಂದರು, ಕಣ್ಣು ಕೆಂಡದಂಗಾಗಿದ್ದವು. "ಏನೇ ಮಾಡಿದೆ?"

"ದಾರಿ ಕಟ್ಟಿತ್ತು ಮಾವಾ. ಬಿಡಿಸಿದೆ."

ಅವರು ಅಡುಗೆಮನೆ ಬಾಗಿಲಲ್ಲೇ ನಿಂತು ಒಂದು ಸಲ ಅತ್ತೆಯ ಕಡೆ ನೋಡಿದರು. ಚಪ್ಪಲಿ ಮೆಟ್ಕೊಂಡು ಮಿಲ್ಲಿಗೆ ಹೋದರು. ಆ ಕಲ್ಲು ಮತ್ತೆ ಅದರ ಜಾಗಕ್ಕೆ ಬರಲಿಲ್ಲ.

ನನಗೋ ರಾಜ್ಯ ಗೆದ್ದಷ್ಟು ಜಂಬ. ಮಹಡಿ ಕಿಟಕಿಯನ್ನೆಲ್ಲ ತೆರೆದು, ಮೇಜು ಆಚೆ ಎಳೆದು ಬಂದೆ. ಸಂಜೆ ಬಿಸಿಲು ಗವಾಕ್ಷಿಯಿಂದ ಸೀದಾ ಅಡುಗೆಮನೆಗೆ ಇಳಿದಿತ್ತು, ಗೂಡಲ್ಲಿಟ್ಟ ಉಪ್ಪಿನ ಹರಳೂ ಎಣಿಸಬಹುದಿತ್ತು. ಅತ್ತೆಯನ್ನ ಕೈ ಹಿಡಿದು ಬೆಳಕಿನ ನಡುವೆ ಕೂರಿಸಿ, "ನೋಡ್ರಿ ಅತ್ತೆ, ಈಗ ಹೆಂಗೈತೆ?" ಅಂದೆ.

ಅವರು ಮುಖ ಮೇಲೆತ್ತಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು, ಇನ್ನೊಂದು ಸಲ ಒರೆಸಿಕೊಂಡರು.

"ಹೊಗೆ ಇನ್ನಾ ಹೋಗಿಲ್ವಲ್ಲೇ ತಾಯಿ. ಆ ಕಿಂಡಿ ಇನ್ನೊಂಚೂರು ದೊಡ್ಡದು ಮಾಡವ್ವ."

ಒಲೆ ಆರಿ ಎರಡು ತಾಸಾಗಿತ್ತು.